ಊಟದ ಕೂಟವೇ, ಸೇವೆಯ ಕೂಟವೇ?

ರೋಟರಿಯೆಂಬ ಅಂತರರಾಷ್ಟ್ರೀಯ ಸೇವಾಸಂಘದ ವಿಷಯದಲ್ಲಿ ನಮ್ಮ ತಾಲ್ಲೂಕು ಪಟ್ಟಣಗಳ ಜನರು ಎರಡು ಬಗೆಯ ಮಾತುಗಳನ್ನಾಡುತ್ತಿರುವರು. “ಅದು ಉಳ್ಳವರ ಊಟದ ಕೂಟ, ಸೇರುವರು, ಉಣ್ಣುವರು, ಒಬ್ಬರಿಗೊಬ್ಬರು ಹಾರ ಹಾಕಿಕೊಂಡು ಮನೆಗೆ ತೆರಳುವರು” ಎಂಬುದೊಂದು. “ಕಣ್ಣಿನ ಶಿಬಿರಕ್ಕೆ, ರಕ್ತದಾನಕ್ಕೆ, ಶಾಲೆಯ ಮಕ್ಕಳ ಪುಸ್ತಕಕ್ಕೆ ಇಂಥವರಲ್ಲದೆ ಇನ್ನಾರು ಮುಂದೆ ಬರುವರು?” ಎಂಬುದು ಇನ್ನೊಂದು. ಮೊದಲನೆಯವರು ಊಟವನ್ನು ಹಿಡಿದು ಹಳಿಯುವರು. ಎರಡನೆಯವರು ಊಟವನ್ನು ಮರೆಮಾಡಿ ಸೇವೆಯನ್ನು ಹೊಗಳುವರು. ಊಟವೇ ಬೇರೆ, ಸೇವೆಯೇ ಬೇರೆ ಎಂದು ಎಣಿಸುವುದರಲ್ಲಿ ಮಾತ್ರ ಇಬ್ಬರೂ ಒಂದೇ. ನಮಗೆ ಈ ಎಣಿಕೆಯೇ ತಪ್ಪೆಂದು ತೋರುವುದು. ಕೂಡಿ ಕುಳಿತು ಉಣ್ಣದವರಲ್ಲಿ ನಂಬಿಕೆ ಬೆಳೆಯುವುದು ಕಷ್ಟ. ನಂಬಿಕೆಯಿಲ್ಲದವರು ಕೂಡಿ ಸೇವೆ ಮಾಡುವುದು ಇನ್ನೂ ಕಷ್ಟ. ಆದರೆ ಎಲ್ಲ ಪಂಕ್ತಿಗಳೂ ನಂಬಿಕೆಯನ್ನು ಬೆಳೆಸಲಾರವು. ಎಂಥ ಕೂಟವು ಬೆಳೆಸುವುದು, ಎಂಥ ಕೂಟವು ಬೆಳೆಸಲಾರದು ಎಂಬುದನ್ನು ಈ ದಿನ ನಮ್ಮ ವಾಚಕ ಮಹಾಶಯರ ಮುಂದಿಡಬೇಕೆಂದಿರುವೆವು.

ಈ ವಿಚಾರವು ಹನೂರಿಗೆ ಏತಕ್ಕೆ ಬೇಕು ಎಂದು ಕೆಲವರು ಕೇಳಬಹುದು. ಹನೂರಿಗೇ ಮೊದಲು ಬೇಕು ಎಂಬುದು ನಮ್ಮ ಉತ್ತರ. ನಮ್ಮ ಸೀಮೆಯು ಕೊಳ್ಳೇಗಾಲದೊಡನೆ ಮದರಾಸಿಗೆ ಸೇರಿ ಕೊಯಮತ್ತೂರು ಜಿಲ್ಲೆಯಲ್ಲಿದ್ದು, 1956ನೆಯ ಇಸವಿ ನವೆಂಬರು 1ರಂದು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಯಿತು. 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹನೂರೂ ಒಂದು. ಕಚೇರಿಗಳು ಬಂದುವು, ಕಚೇರಿಗಳೊಡನೆ ಹೊರಗಿನ ಅಧಿಕಾರಿಗಳು, ಉಪಾಧ್ಯಾಯರು, ವೈದ್ಯರು, ವರ್ತಕರು ಬಂದರು. ಇತ್ತ ಮಾರ್ಟಳ್ಳಿಯ ಕಡೆ ತಮಿಳುನುಡಿಯ ಕ್ರೈಸ್ತರು, ಒಡೆಯರಪಾಳ್ಯದಲ್ಲಿ ನೆಲೆ ಕಳೆದುಕೊಂಡು ಬಂದು ನೆಲೆಯೂರಿದ ಟಿಬೆಟ್ಟಿನವರು, ಕಾಡಂಚಿನ ಪೋಡುಗಳಲ್ಲಿ ಸೋಲಿಗರು, ಬಯಲಿನ ಹಳ್ಳಿಗಳಲ್ಲಿ ನೂರೆಂಟು ಜಾತಿಯ ಒಕ್ಕಲು. ಇಷ್ಟು ಬಗೆಯ ಜನರು ಸಂತೆಯಲ್ಲಿ ಒಬ್ಬರಿಗೊಬ್ಬರು ಮಾರುವರು, ಕೊಳ್ಳುವರು. ಒಂದೇ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತು ಬರುವರು. ಆದರೆ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ದಾಟಿ ಉಂಡಿರುವರೇ? ಈ ಪ್ರಶ್ನೆಗೆ ವಾಚಕರು ತಮ್ಮಷ್ಟಕ್ಕೆ ತಾವೇ ಉತ್ತರ ಹೇಳಿಕೊಳ್ಳಲಿ.

ನಂಬಿಕೆಯೆಂಬುದು ಎಷ್ಟು ಬೆಲೆಯುಳ್ಳದ್ದೆಂಬುದನ್ನು ನಮ್ಮ ತಾಲ್ಲೂಕಿಗೆ ಹೊರಗಿನವರು ಬಂದು ಬೋಧಿಸಬೇಕಾಗಿಲ್ಲ. 2018ನೆಯ ಇಸವಿ ಡಿಸೆಂಬರು 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆಯ ಪ್ರಸಾದವನ್ನು ಉಂಡ ಜನರಲ್ಲಿ 17 ಮಂದಿ ಪ್ರಾಣ ಬಿಟ್ಟರು. ನೂರಕ್ಕೆ ಮಿಕ್ಕ ಜನ ಆಸ್ಪತ್ರೆಗಳ ಪಾಲಾದರು. ಹೊಲಕ್ಕೆ ಹೊಡೆಯುವ ಕೀಟನಾಶಕವು ದೇವರ ಅನ್ನದಲ್ಲಿ ಬೆರೆತಿತ್ತು. ಗುಡಿಯ ಆಡಳಿತದ ವೈಮನಸ್ಸೇ ಇದರ ಮೂಲವೆಂದು ಪೋಲೀಸಿನವರು ಆರೋಪಿಸಿದರು. ತಪ್ಪು ಯಾರದೆಂಬ ನಿರ್ಣಯವು ನ್ಯಾಯಸ್ಥಾನಕ್ಕೆ ಸೇರಿದ್ದು; ಅದರಲ್ಲಿ ನಾವು ಕೈಹಾಕತಕ್ಕುದಲ್ಲ. ನಾವು ಹೇಳುವುದು ಇಷ್ಟೇ: ಅಂದು ಎಲೆಯ ಮುಂದೆ ಕೈಚಾಚಿದ ಕೂಲಿಯವನಿಗೆ, ಮಗುವಿನ ಬಾಯಿಗೆ ಮೊದಲ ತುತ್ತನ್ನಿಟ್ಟ ತಾಯಿಗೆ, ಬಡಿಸುವ ಕೈಯನ್ನು ಸಂಶಯಿಸಬೇಕೆಂಬ ಭಾವನೆ ಕನಸಿನಲ್ಲಿಯೂ ಬಂದಿರಲಾರದು. ಅದಾದ ಮೇಲೆ ಈ ಸೀಮೆಯಲ್ಲಿ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವ ಮುಂಚೆ ಮೂಸಿ ನೋಡಿದ ಕೈಗಳೆಷ್ಟು! ಸತ್ತವರೊಡನೆ ಸತ್ತದ್ದು ಆ ಹಳೆಯ ನಿಶ್ಚಿಂತೆ. ಅದನ್ನು ಮರಳಿ ಕಟ್ಟುವುದಕ್ಕೆ ಸರಕಾರದ ಪರಿಹಾರದ ಹಣವು ಸಾಲದು, ಜನರೇ ಕಟ್ಟಬೇಕು.

ಹಾಗಾದರೆ ಅಪರಿಚಿತರ ನಡುವೆ ನಂಬಿಕೆಯನ್ನು ಕಟ್ಟುವ ಬಗೆ ಯಾವುದು? ಇದನ್ನು ತಿಳಿಯುವುದಕ್ಕೆ ರೋಟರಿಯ ಹುಟ್ಟಿನ ಕಥೆಯು ಉಪಯುಕ್ತವಾಗಿರುವುದು. ಪಾಲ್ ಹ್ಯಾರಿಸ್ ಎಂಬ ವಕೀಲರು ಅಮೆರಿಕಾ ದೇಶದ ಒಂದು ಸಣ್ಣ ಊರಿನಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದವರು. ಷಿಕಾಗೋ ಮಹಾನಗರಕ್ಕೆ ಬಂದು ನೆಲೆಸಿದಾಗ ಅವರಿಗೆ ಕಕ್ಷಿಗಾರರಿದ್ದರು, ಸ್ನೇಹಿತರಿರಲಿಲ್ಲ. ಊರಿನಲ್ಲಿ ದಾರಿಯಲ್ಲಿ ಹೋಗುವವನನ್ನು ಕರೆದು ಮಾತನಾಡಿಸುತ್ತಿದ್ದ ಆ ಬಾಳು ಈ ನಗರದಲ್ಲಿ ಏತಕ್ಕೆ ಇರಬಾರದೆಂಬುದು ಅವರ ಚಿಂತೆಯಾಗಿತ್ತು. 1905ನೆಯ ಇಸವಿ ಫೆಬ್ರವರಿ 23ರ ಸಂಜೆ ಅವರು ಸಿಲ್ವೆಸ್ಟರ್ ಷೀಲೆ ಎಂಬ ಕಲ್ಲಿದ್ದಲ ವ್ಯಾಪಾರಿಯೊಡನೆ ಊಟ ಮಾಡಿ, ಗಣಿಯ ಇಂಜಿನಿಯರಾದ ಗಸ್ಟಾವಸ್ ಲೋರ್ ಎಂಬವರ ಕಚೇರಿಗೆ ಹೋದರು. ದರ್ಜಿಯ ವ್ಯಾಪಾರದ ಹೈರಮ್ ಷೋರಿ ಎಂಬವರು ಅಲ್ಲಿದ್ದರು. ಈ ನಾಲ್ವರ ಮಾತುಕತೆಯೇ ರೋಟರಿಯ ಮೊದಲ ಸಭೆ. ಊಟದಿಂದೆದ್ದು ಬಂದ ಇಬ್ಬರು ಕಟ್ಟಿದ ಸಂಘವನ್ನು ಊಟದ ಕೂಟವೆಂದು ಹಂಗಿಸುವವರು ತಮಗೆ ತಿಳಿಯದೆಯೇ ಅದರ ಬೇರನ್ನು ಮುಟ್ಟಿರುವರು.

ಆ ಸಂಘಕ್ಕೆ ರೋಟರಿಯೆಂಬ ಹೆಸರು ಬಂದುದು ಹೇಗೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಸಭೆಯು ಒಂದೇ ಕಡೆ ನಡೆಯದೆ ಇಂದು ಒಬ್ಬ ಸದಸ್ಯನ ಕಚೇರಿಯಲ್ಲಿ, ಮುಂದಿನ ಸಲ ಇನ್ನೊಬ್ಬನ ಅಂಗಡಿಯಲ್ಲಿ, ಹೀಗೆ ಸರದಿಯಂತೆ ತಿರುಗುತ್ತಿತ್ತು. ತಿರುಗುವುದರಿಂದಲೇ ಆ ಹೆಸರು. ಇದರ ಮರ್ಮವು ಬಹಳ ದೊಡ್ಡದು. ಕಲ್ಲಿದ್ದಲಿನವನ ಅಂಗಡಿಯಲ್ಲಿ ವಕೀಲನು ಅತಿಥಿ. ವಕೀಲನ ಕೋಣೆಯಲ್ಲಿ ಕಲ್ಲಿದ್ದಲಿನವನು ಅತಿಥಿ. ಯಜಮಾನಿಕೆಯು ಒಬ್ಬನ ಸ್ವತ್ತಾಗದೆ ಕೈಯಿಂದ ಕೈಗೆ ಹೋಗುತ್ತಿತ್ತು. ಪ್ರತಿಯೊಂದು ವೃತ್ತಿಯಿಂದ ಒಬ್ಬನನ್ನೇ ಸೇರಿಸಿಕೊಳ್ಳಬೇಕೆಂಬ ನಿಯಮವನ್ನೂ ಮಾಡಿಕೊಂಡರು. ಒಂದೇ ಬೀದಿಯ ಒಂದೇ ಸರಕಿನ ಇಬ್ಬರು ಪೈಪೋಟಿಗಾರರನ್ನು ಒಂದು ಪಂಕ್ತಿಯಲ್ಲಿ ಕೂರಿಸಿದರೆ ಹುಟ್ಟಬಹುದಾದ ಕಸಿವಿಸಿಯು ಇದರಿಂದ ತಪ್ಪಿತು. ಬಿರುದುಗಳನ್ನು ಬಿಟ್ಟು ಹೆಸರು ಹಿಡಿದು ಕರೆಯುವುದನ್ನು ರೂಢಿಗೆ ತಂದರು. ಹ್ಯಾರಿ ರಗಲ್ಸ್ ಎಂಬ ಮುದ್ರಣಕಾರರು ಸಭೆಯಲ್ಲಿ ಎಲ್ಲರಿಂದಲೂ ಹಾಡಿಸುವ ಪದ್ಧತಿಯನ್ನು ಆರಂಭಿಸಿದರು. ನಮ್ಮದೇ ಕಸಬಿನವರೊಬ್ಬರು ಈ ಕೆಲಸ ಮಾಡಿದರೆಂಬುದು ನಮಗೆ ಸ್ವಲ್ಪ ಹೆಮ್ಮೆಯ ಸಂಗತಿಯೇ ಸರಿ.

ಆದರೆ ಇಷ್ಟರಿಂದಲೇ ಆ ಸಂಘವು ಹೊಗಳಿಕೆಗೆ ಪಾತ್ರವಾಗಲಿಲ್ಲ. ಮೊದಮೊದಲು ಅಲ್ಲಿ ಹುಟ್ಟಿದ ನಂಬಿಕೆಯು ಒಬ್ಬರ ವ್ಯಾಪಾರವನ್ನು ಇನ್ನೊಬ್ಬರು ಹೆಚ್ಚಿಸುವುದಕ್ಕೆ ಉಪಯೋಗವಾಯಿತು. ನಾವು ನಾವೇ ಕೊಳ್ಳೋಣ, ನಾವು ನಾವೇ ಮಾರೋಣ ಎಂಬ ಮಟ್ಟಕ್ಕೆ ಅದು ನಿಂತುಹೋಗಬಹುದಾಗಿತ್ತು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ವಕೀಲರನ್ನು ಸದಸ್ಯರಾಗೆಂದು ಕರೆದಾಗ, ತನ್ನವರಿಗಲ್ಲದೆ ಅನ್ಯರಿಗೆ ಉಪಕಾರ ಮಾಡದ ಸಂಘವು ಬಹುಕಾಲ ಬಾಳಲಾರದು ಎಂಬ ಅಭಿಪ್ರಾಯವನ್ನು ಅವರು ನಿಷ್ಠುರವಾಗಿ ತಿಳಿಸಿದರು. ಹ್ಯಾರಿಸ್ ಅವರು ಕೋಪಿಸಿಕೊಳ್ಳದೆ, ಹಾಗಾದರೆ ಒಳಗೆ ಬಂದು ಅದನ್ನು ತಿದ್ದಿರೆಂದು ಕೇಳಿಕೊಂಡರು. ಮರುವರ್ಷವೇ ಆ ಸಂಘವು ಷಿಕಾಗೋ ನಗರದಲ್ಲಿ ಸಾರ್ವಜನಿಕ ಶೌಚಗೃಹವನ್ನು ಕಟ್ಟಿಸುವುದಕ್ಕೆ ಮುಂದಾಯಿತು. ಉಂಡು ಹಾಡುತ್ತಿದ್ದ ವರ್ತಕರು ಕೈಹಾಕಿದ ಮೊದಲ ದೊಡ್ಡ ಲೋಕೋಪಯೋಗಿ ಕೆಲಸವು ಶೌಚಗೃಹವೆಂಬುದನ್ನು ಕೇಳಿ ನಗುವವರು ನಗಲಿ. ನಮಗಂತೂ ಅದರಲ್ಲಿ ನಗತಕ್ಕದ್ದು ಏನೂ ಕಾಣುವುದಿಲ್ಲ.

ಭರತಖಂಡಕ್ಕೆ ಈ ಸಂಘವು ಬಂದುದು 1919ರಲ್ಲಿ, ಕಲ್ಕತ್ತೆಯ ಮೂಲಕ. ಪರರ ಆಳ್ವಿಕೆಯ ಕಾಲದಲ್ಲಿ ಪರದೇಶದಿಂದ ಬಂದ ಈ ಕೂಟವನ್ನು ದೇಶಾಭಿಮಾನಿಗಳು ಸಂಶಯದಿಂದ ನೋಡಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅದೇ ಕಲ್ಕತ್ತೆಯ ನಿತೀಶ್ ಲಾಹಿರಿ ಮಹಾಶಯರು 1962ರಲ್ಲಿ ಸಮಸ್ತ ಪ್ರಪಂಚದ ರೋಟರಿಗೆ ಅಧ್ಯಕ್ಷರಾದರು. ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವನು ಒಂದಲ್ಲ ಒಂದು ದಿನ ಬಡಿಸುವ ಯಜಮಾನನೂ ಆಗಬಹುದೆಂಬುದಕ್ಕೆ ಇದು ನಿದರ್ಶನ.

ಇಂಥ ಕೂಟಗಳ ನಂಬಿಕೆಯು ದೊಡ್ಡ ಪ್ರಮಾಣದಲ್ಲಿ ಏನನ್ನು ಸಾಧಿಸಬಲ್ಲುದೆಂಬುದು ಪೋಲಿಯೋ ರೋಗದ ವಿಷಯದಲ್ಲಿ ಸಿದ್ಧವಾಯಿತು. 1985ರಲ್ಲಿ ರೋಟರಿಯವರು ಆ ರೋಗದ ನಿರ್ಮೂಲಕ್ಕೆ ಸಂಕಲ್ಪ ಮಾಡಿದರು. 2009ರಲ್ಲಿಯೂ ನಮ್ಮ ದೇಶದಲ್ಲಿ 741 ಮಕ್ಕಳು ಅದಕ್ಕೆ ತುತ್ತಾಗಿದ್ದರು. ಔಷಧವಿತ್ತು, ಹಣವಿತ್ತು, ಆದರೆ ಉತ್ತರ ಪ್ರದೇಶದ ಹಲವು ಮನೆಗಳಲ್ಲಿ ಬಾಗಿಲು ತೆರೆಯಲಿಲ್ಲ. ಹನಿಯಲ್ಲಿ ಏನೋ ಬೆರೆತಿದೆಯೆಂಬ ಸುಳ್ಳು ಸುದ್ದಿಯು ಔಷಧಕ್ಕಿಂತ ಮುಂಚೆ ಮನೆ ಸೇರಿತ್ತು. ಆಗ ರೋಟರಿಯವರು ಮುಸಲ್ಮಾನ ಧರ್ಮಗುರುಗಳನ್ನು ಕೂಡಿಸಿ ಒಂದು ಸಮಿತಿಯನ್ನು ಮಾಡಿದರು. ಅಪರಿಚಿತ ಅಧಿಕಾರಿಯು ಹೇಳಿದರೆ ನಂಬದವರು ತಮ್ಮ ಮೊಹಲ್ಲೆಯ ಗುರುಗಳು ಹೇಳಿದಾಗ ನಂಬಿದರು. 2011ನೆಯ ಇಸವಿ ಜನವರಿ 13ರಂದು ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿಗೆ ತಗಲಿದುದೇ ನಮ್ಮ ದೇಶದಲ್ಲಿ ಕಾಡುಪೋಲಿಯೋವಿನ ಕಡೆಯ ಪ್ರಕರಣ. 2014ನೆಯ ಮಾರ್ಚಿ 27ರಂದು ದೇಶವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರವೂ ದೊರೆಯಿತು. ಸರಕಾರವೂ ಲಕ್ಷಾಂತರ ಕಾರ್ಯಕರ್ತರೂ ಪಟ್ಟ ಶ್ರಮವನ್ನು ನಾವು ಕಡಮೆ ಮಾಡಿ ಹೇಳುವುದಿಲ್ಲ. ಆದರೆ ಆ ಎರಡು ಹನಿಗಳು ಮಗುವಿನ ನಾಲಗೆಗೆ ಬೀಳುವುದಕ್ಕೆ ಮುಂಚೆ ತಾಯಿಯ ಮನಸ್ಸಿನಲ್ಲಿ ನಂಬಿಕೆ ಹುಟ್ಟಬೇಕಾಗಿತ್ತೆಂಬುದನ್ನು ಮರೆಯಲಾಗದು.

ಇದನ್ನೆಲ್ಲ ಓದಿ, ಕೂಡಿ ಉಣ್ಣುವ ವಿದ್ಯೆಯನ್ನು ಷಿಕಾಗೋವಿನಿಂದ ಕಲಿಯಬೇಕೆಂದು ನಾವು ಹೇಳುತ್ತಿರುವೆವೆಂದು ಯಾರೂ ಭಾವಿಸಕೂಡದು. ನಮ್ಮ ನೆರೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಗೆ ಮೊದಲಾಗಿ ಐದು ದಿನ ನಡೆಯುವ ಸಿದ್ಧಪ್ಪಾಜಿಯ ಜಾತ್ರೆಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಅದರ ನಾಲ್ಕನೆಯ ದಿನವು ಪಂಕ್ತಿಸೇವೆ. ಗಾಡಿ ಕಟ್ಟಿಕೊಂಡು, ಈಚೆಗೆ ಟೆಂಪೋಗಳನ್ನೇರಿ ಬಂದ ಒಕ್ಕಲುಗಳು ಬಿಡಾರ ಹೂಡಿ, ಅಲ್ಲಿಯೇ ಒಲೆ ಹಚ್ಚಿ, ಅಡುಗೆ ಮಾಡಿ, ಜಾತಿಯನ್ನೆಣಿಸದೆ ಸಾಲಾಗಿ ಕುಳಿತು ಉಣ್ಣುವರು. ಪ್ರಾಣಿವಧೆಯ ವಿಷಯವಾಗಿ ಎದ್ದಿರುವ ವಾದವನ್ನು ನಾವಿಲ್ಲಿ ಎತ್ತುವುದಿಲ್ಲ. ನಮ್ಮ ದೃಷ್ಟಿಯು ಆ ಸಾಲಿನ ಮೇಲೆ. ಮಂಟೇಸ್ವಾಮಿಯ ಪರಂಪರೆಯ ನೀಲಗಾರರು ತಂಬೂರಿ ಮೀಟಿ ಹಾಡುತ್ತ ಬಂದ ಧರ್ಮವು ಆ ಎಲೆಗಳ ಸಾಲಿನಲ್ಲಿ ಕಣ್ಣಿಗೆ ಕಾಣುವುದು. ಕೊರತೆಯೆಂದರೆ, ಆ ಸಮತೆಯು ಜಾತ್ರೆಯ ಬಯಲಿನಲ್ಲಿ ಹುಟ್ಟಿ ಅಲ್ಲಿಯೇ ಉಳಿದುಬಿಡುವುದು. ವರ್ಷಕ್ಕೊಂದು ದಿನ ಜೊತೆಯಲ್ಲಿ ಉಂಡವರು ಊರಿಗೆ ಮರಳಿದೊಡನೆ ಮತ್ತೆ ತಮ್ಮ ತಮ್ಮ ಕೇರಿಗಳನ್ನು ಸೇರುವರು. ಉಳಿದ ದಿನಗಳಿಗೂ ಆ ಪಂಕ್ತಿಯನ್ನು ಹಬ್ಬಿಸುವುದು ಹೇಗೆ? ಸರದಿಯಂತೆ, ತಪ್ಪದೆ, ವರ್ಷವಿಡೀ ಸೇರುವ ಸಂಘದ ಪ್ರಯೋಜನವಿರುವುದು ಇಲ್ಲಿಯೇ.

ನಮ್ಮ ಅನುಭವದ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಕೃತವಾಗದು. ಸಂಘದ ಹೆಸರನ್ನೂ ಊರನ್ನೂ ಹೇಳುವ ಆವಶ್ಯಕತೆಯಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸೇವಾಸಂಘದ ಪದಗ್ರಹಣಕ್ಕೆ ನಮ್ಮನ್ನು ಕರೆದಿದ್ದರು. ಶಾಲುಗಳು, ಹಾರಗಳು, ಛಾಯಾಚಿತ್ರಗಳು. ಮೂರು ಗಂಟೆಗಳ ಕಾಲ ವೇದಿಕೆಯ ಮೇಲಿನವರು ವೇದಿಕೆಯ ಮೇಲಿನವರನ್ನೇ ಹೊಗಳಿದರು. ಊಟಕ್ಕೆ ಕುಳಿತಾಗ ಪಕ್ಕದವನ ಹೆಸರೂ ನಮಗೆ ತಿಳಿಯಲಿಲ್ಲ, ನಮ್ಮ ಹೆಸರೂ ಅವನಿಗೆ ತಿಳಿಯಲಿಲ್ಲ. ಕೆಲವು ತಿಂಗಳಾದ ಮೇಲೆ ಅದೇ ಸಂಘದವರು ರೇಷ್ಮೆನೂಲಿನ ಕಸಬಿನ ಸದಸ್ಯರೊಬ್ಬರ ಮನೆಯಲ್ಲಿ ಸೇರಿದರು. ದೀಪ ಹೋಯಿತು. ಎಲ್ಲರೂ ಜಗಲಿಯ ಮೇಲೆ ಕುಳಿತು ಮುದ್ದೆಯನ್ನೂ ಅವರೆಕಾಳಿನ ಸಾರನ್ನೂ ಉಂಡರು. ಕಣ್ಣಿನ ಶಿಬಿರದ ಲೆಕ್ಕದಲ್ಲಿ ಒಂದು ಮೊತ್ತಕ್ಕೆ ರಸೀದಿಯಿಲ್ಲವೆಂಬ ಗುಸುಗುಸು ಆ ಮುಂಚೆಯೇ ಹುಟ್ಟಿತ್ತು. ಹಿರಿಯರೊಬ್ಬರು ಕೈತೊಳೆಯುತ್ತ, “ಅಲ್ಲ ಕಣಪ್ಪ, ಆ ದುಡ್ಡು ಯಾವ ಬಾಬಿಗೆ ಹೋಯಿತು?” ಎಂದು ಕೋಶಾಧ್ಯಕ್ಷನನ್ನು ಕೇಳಿದರು. ಶಸ್ತ್ರಚಿಕಿತ್ಸೆಗೆ ಬಂದ ಮುದುಕಿಯರಿಗೆ ಊರಿಗೆ ಹಿಂದಿರುಗಲು ಬಸ್ಸಿನ ಕಾಸಿರಲಿಲ್ಲವೆಂದೂ, ಕೈಗೆ ಕೊಟ್ಟು ಕಳುಹಿಸಿದೆನೆಂದೂ, ಅದಕ್ಕೆ ರಸೀದಿ ಕೇಳಲು ನಾಚಿಕೆಯಾಯಿತೆಂದೂ ಆತನು ಹೇಳಿದನು. ಕುಳಿತಿದ್ದವರು ನಂಬಿದರು. ನಂಬಿದುದಷ್ಟೇ ಅಲ್ಲ, ಇನ್ನು ಮುಂದೆ ಇಂಥ ಖರ್ಚಿಗೆ ಇಬ್ಬರ ರುಜು ಇರಬೇಕೆಂದು ಅಲ್ಲಿಯೇ ತೀರ್ಮಾನಿಸಿದರು.

ಅದೇ ಪ್ರಶ್ನೆಯು ಸಭೆಯಲ್ಲಿ ಬಂದಿದ್ದರೆ ಆರೋಪವಾಗುತ್ತಿತ್ತು. ಯಾರೂ ಕೇಳದೆ ಇದ್ದಿದ್ದರೆ ಚಾಡಿಯಾಗುತ್ತಿತ್ತು. ಜಗಲಿಯ ಮೇಲೆ ಕೇಳಿದುದರಿಂದ ಬರಿಯ ವಿಚಾರಣೆಯಾಯಿತು. ಅಂದು ನಮಗೆ ಒಂದು ಸಂಗತಿಯು ಹೊಳೆಯಿತು. ನಂಬಿಕೆಯೆಂದರೆ ಪ್ರಶ್ನೆಯನ್ನು ಕೇಳದಿರುವುದೆಂದು ಜನರು ತಿಳಿದಿರುವರು. ಹಾಗಲ್ಲ. ಕೇಳಿದವನಿಗೆ ಭಯವೂ ಕೇಳಿಸಿಕೊಂಡವನಿಗೆ ಮುನಿಸೂ ಇಲ್ಲದೆ ಪ್ರಶ್ನೆ ನಡೆಯುವುದೇ ನಂಬಿಕೆ. ಸ್ನೇಹಕೂಟಗಳ ನಿಜವಾದ ಫಲವು ಇದು. ಲೆಕ್ಕವನ್ನು ಕೇಳುವ ಸಲಿಗೆಯಿಲ್ಲದ ಕಡೆ ಸಂಶಯವು ಒಳಗೊಳಗೇ ಕೊಳೆತು ವಿಷವಾಗುವುದು. ಅದು ಗುಡಿಯಾಗಲಿ, ಸಂಘವಾಗಲಿ, ಅಣ್ಣತಮ್ಮಂದಿರ ಮನೆಯಾಗಲಿ.

ಈ ಸಲಿಗೆಯು ಸಮಾನರಲ್ಲದವರ ನಡುವೆ ಹುಟ್ಟದು. ನಮ್ಮ ಸೀಮೆಯಲ್ಲಿ ಬಡವನು ಉಳ್ಳವನನ್ನು “ಬುದ್ಧಿ” ಎಂದು ಕರೆಯುವನು. “ಬುದ್ಧಿ” ಎಂದವನು ಲೆಕ್ಕ ಕೇಳಲಾರನು, ಕರೆಯಿಸಿಕೊಂಡವನು ಒಪ್ಪಿಸಲಾರನು. ಹಿರಿಯರನ್ನು ಹೆಸರು ಹಿಡಿದು ಕರೆಯುವ ಅಮೆರಿಕಾದ ರೂಢಿಯು ನಮಗೆ ಒಗ್ಗದು, ಬೇಕಾಗಿಯೂ ಇಲ್ಲ. ಅಣ್ಣ, ಅಕ್ಕ, ಅಯ್ಯ ಎಂಬ ಮಾತುಗಳು ನಮ್ಮಲ್ಲಿರುವಾಗ ಗೌರವಕ್ಕೂ ಸಲಿಗೆಗೂ ಕೊರತೆಯೇನು? ಅಣ್ಣನನ್ನು ಪ್ರಶ್ನಿಸಬಹುದು, “ಬುದ್ಧಿ”ಯನ್ನು ಪ್ರಶ್ನಿಸಲಾಗದು. ರೋಟರಿಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಅದು ಎಂಬತ್ತಕ್ಕೂ ಮಿಕ್ಕ ವರ್ಷ ಹೆಂಗಸರನ್ನು ಹೊಸ್ತಿಲಾಚೆಯೇ ನಿಲ್ಲಿಸಿತ್ತು. ಕ್ಯಾಲಿಫೋರ್ನಿಯದ ಡುವಾರ್ಟಿಯೆಂಬ ಊರಿನ ಸಂಘವು ಮೂವರು ಹೆಂಗಸರನ್ನು ಸೇರಿಸಿಕೊಂಡುದಕ್ಕಾಗಿ ಬಹಿಷ್ಕಾರಕ್ಕೆ ಗುರಿಯಾಯಿತು. ಮೊಕದ್ದಮೆಯು ಅಮೆರಿಕಾದ ಅತ್ಯುಚ್ಚ ನ್ಯಾಯಸ್ಥಾನದವರೆಗೆ ಹೋಗಿ, 1987ರಲ್ಲಿ ತೀರ್ಪು ಹೆಂಗಸರ ಕಡೆಗಾಯಿತು. ಪ್ರಪಂಚದ ರೋಟರಿಯೆಲ್ಲ ಅವರಿಗೆ ಬಾಗಿಲು ತೆರೆದುದು 1989ರಲ್ಲಿ. ಒಳಗಿನವರ ನಂಬಿಕೆಯು ಎಷ್ಟು ಗಾಢವಾಗಿದ್ದರೂ ಹೊರಗಿನವರಿಗೆ ಅದು ಗೋಡೆಯಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆದುದರಿಂದ ನಮ್ಮ ಹನೂರಿನಲ್ಲಿಯೂ ನೆರೆಯ ಊರುಗಳಲ್ಲಿಯೂ ಇಂಥ ಸಂಘಗಳನ್ನು ನಡೆಸುವ ಮತ್ತು ನಡೆಸಬೇಕೆಂದಿರುವ ಮಹನೀಯರಲ್ಲಿ ನಮ್ಮ ವಿಜ್ಞಾಪನೆ ಇದು. ಕೂಟವನ್ನು ಹೋಟೆಲಿನ ಕೋಣೆಯಲ್ಲಿ ಕೂಡಿಹಾಕಬೇಡಿ. ಸಂಘವು ಬೆಳೆದಂತೆ ಷಿಕಾಗೋವಿನವರೇ ಬಿಟ್ಟುಬಿಟ್ಟ ಆ ತಿರುಗುವ ಪದ್ಧತಿಯನ್ನು ನೀವು ಎತ್ತಿಕೊಳ್ಳಿ. ಒಂದು ತಿಂಗಳು ವರ್ತಕರ ಮನೆ, ಒಂದು ತಿಂಗಳು ಉಪಾಧ್ಯಾಯಿನಿಯ ಮನೆ, ಒಂದು ತಿಂಗಳು ಮಾರ್ಟಳ್ಳಿಯ ರೈತನ ಅಂಗಳ, ಒಂದು ತಿಂಗಳು ಒಡೆಯರಪಾಳ್ಯ, ಕರೆದರೆ ಸೋಲಿಗರ ಪೋಡು. ಯಾರ ಮನೆಯೋ ಆ ದಿನ ಅವರೇ ಯಜಮಾನರು. ಅವರು ಇಕ್ಕಿದ್ದೇ ಊಟ. ಊಟದ ಖರ್ಚು ನಿಮ್ಮ ನಿಮ್ಮ ಕಿಸೆಯದಾಗಿರಲಿ, ಸೇವೆಗೆಂದು ಬಂದ ಒಂದು ಕಾಸೂ ಎಲೆಗೆ ಬೀಳದಿರಲಿ. ಮದ್ಯವು ಸಲಿಗೆಯನ್ನು ಬೇಗ ತರುವುದೆಂದು ಹೇಳುವವರುಂಟು. ರಾತ್ರಿ ತಂದುದನ್ನು ಬೆಳಗ್ಗೆ ಕೊಂಡೊಯ್ಯುವ ಆ ಸಲಿಗೆಯು ನಮಗೆ ಬೇಡ. ಉಣ್ಣುವ ಮುಂಚೆ ಆ ತಿಂಗಳ ಜಮಾ ಖರ್ಚನ್ನು ಗಟ್ಟಿಯಾಗಿ ಓದಿರಿ, ಆ ಮನೆಯ ಹೆಂಗಸರೂ ಮಕ್ಕಳೂ ಕೇಳುವಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಉಪಕಾರ ಪಡೆದವನನ್ನು ವೇದಿಕೆಗೆ ಕರೆದು ಅವನೊಡನೆ ಚಿತ್ರ ತೆಗೆಸಿಕೊಳ್ಳಬೇಡಿ; ಪಂಕ್ತಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಣ್ಣು ಬಂದ ಮುದುಕನು ನಿಮ್ಮ ಮುಖವನ್ನು ನೋಡುವುದಾದರೆ ಊಟದ ಸಾಲಿನಲ್ಲಿ ನೋಡಲಿ.

ಇದರಿಂದ ಸೇವೆಯ ಕೆಲಸವು ನಿಧಾನವಾಗುವುದೆಂದು ಕೆಲವರು ಆಕ್ಷೇಪಿಸುವರು. ಆಗಲಿ. ಈ ಸೀಮೆಯಲ್ಲಿ ಅವಸರದಿಂದ ಕಟ್ಟಿದ ಕಟ್ಟಡಗಳಿಗೆ ಕೊರತೆಯಿಲ್ಲ. ಒಬ್ಬರನ್ನೊಬ್ಬರು ನಂಬಿ ಬಾಗಿಲು ತೆರೆಯುವ ಮನೆಗಳಿಗೆ ಕೊರತೆ. ಮಧ್ಯರಾತ್ರಿಯಲ್ಲಿ ರಕ್ತ ಬೇಕಾದಾಗ, ಆನೆ ತುಳಿದ ಹೊಲದ ರೈತನಿಗೆ ಅರ್ಜಿ ಬರೆದುಕೊಡಬೇಕಾದಾಗ, ಜ್ವರದ ಸುಳ್ಳು ಸುದ್ದಿಯು ಹಳ್ಳಿಯಿಂದ ಹಳ್ಳಿಗೆ ಹಬ್ಬಿದಾಗ, ಯಾರನ್ನು ಎಬ್ಬಿಸಬಹುದು, ಯಾರ ಮಾತನ್ನು ನಂಬಬಹುದು ಎಂಬುದು ಆ ರಾತ್ರಿ ತೀರ್ಮಾನವಾಗುವುದಿಲ್ಲ. ಅದಕ್ಕೆ ಎಷ್ಟೋ ತಿಂಗಳು ಮುಂಚೆ ಯಾವುದೋ ಜಗಲಿಯ ಮೇಲೆ ಎಲೆಯ ಮುಂದೆ ಅದು ತೀರ್ಮಾನವಾಗಿರುವುದು.

ಸುಳ್ವಾಡಿಯ ಆ ದಿನದ ಮೇಲೆ ನಮ್ಮ ಜನರು ಹಂಚಿ ಉಣ್ಣುವುದನ್ನು ಬಿಟ್ಟಿಲ್ಲ. ಚಿಕ್ಕಲ್ಲೂರಿನಲ್ಲಿ ಒಲೆಗಳು ಉರಿಯುತ್ತಲೇ ಇರುವುವು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ದಾರಿಯಲ್ಲಿ ಅನ್ನವಿಕ್ಕುವ ಕೈಗಳು ಇಂದಿಗೂ ಇರುವುವು. ಇಂಥ ಜನರ ನಡುವೆ ಕೆಲಸ ಮಾಡುವ ಭಾಗ್ಯವು ದೊರೆತಿರುವಾಗ, ಸೇವಾಸಂಘದ ಮಹಾಶಯರು ತಮ್ಮನ್ನು ಊಟದ ಕೂಟವೆಂದು ಯಾರಾದರೂ ಕರೆದರೆ ನೊಂದುಕೊಳ್ಳಬೇಕಾಗಿಲ್ಲ. ಹೌದು ಎಂದು ಒಪ್ಪಿಕೊಂಡು, ಹಾಗೆ ಕರೆದವನಿಗೂ ಒಂದು ಎಲೆ ಹಾಕಲಿ.